ಎಂಟನೆಯ ಕಲ್ಲು

ಬೆಳಗ್ಗೆ ಬಾಗಿಲು ತೆರೆದ ಕನ್ನಡಕದಕ್ಕ ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಗೇಟಿನ ಪಕ್ಕದ ಗಡಿಕಲ್ಲು ಇರಲಿಲ್ಲ. ಅಲ್ಲೊಂದು ಗುಂಡಿ. ಪಕ್ಕದ ದರ್ಜಿಯಮ್ಮನ ಮನೆ ಮುಂದೆಯೂ ಗುಂಡಿ. ಬೀದಿಯುದ್ದಕ್ಕೂ ಇದ್ದದ್ದು ಏಳು ಕಲ್ಲು. ಏಳೂ ಮಾಯ.

ಅಂದೇ ಸರ್ವೆಯರ್ ಬರುವವನಿದ್ದ.

ರಸ್ತೆ ಅಗಲ ಮಾಡಲು ಹೊರಟ ನಗರಸಭೆ, ಈ ಸಾಲಿನ ಮನೆಗಳೆಲ್ಲ ರಸ್ತೆಯನ್ನು ಒತ್ತಿ ಕಟ್ಟಿದವು, ಕೆಡವುತ್ತೇವೆ, ಪರಿಹಾರದ ಮಾತೇ ಇಲ್ಲ ಎಂದಿತ್ತು. ಹಳೆಯ ಕಲ್ಲುಗಳಿಂದ ಅಳೆಸಿದರೆ ನಿಜ ಹೊರಬೀಳುತ್ತದೆ ಎಂದವಳು ಕನ್ನಡಕದಕ್ಕ. ಬೀದಿಯ ಮೂಲೆಯಲ್ಲಿ ಅವಳದು ಕನ್ನಡಕದ ಅಂಗಡಿ. ಚಪ್ಪಲಿ ಸವೆಸಿ, ಮನೆಮನೆ ಅಲೆದು 'ಆಸ್ತಿ ಹಕ್ಕು ರಕ್ಷಣಾ ಸಂಘ' ಕಟ್ಟಿದ್ದಳು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ! ಒಬ್ಬರು ಕೂತರೆ ಇನ್ನೊಬ್ಬರು ಎದ್ದರು. ಅಧ್ಯಕ್ಷರು ಯಾರು ಎಂಬ ಜಗಳದಲ್ಲೇ ಸಭೆಗಳು ಮುಗಿದವು. ಕೊನೆಗೆ ಅವಳ ಜೊತೆ ಒಂದೇ ಮನೆಯಲ್ಲಿದ್ದ ಅಣ್ಣ ಅಧ್ಯಕ್ಷನಾದ. ಕತ್ತೆ ದುಡಿಮೆ ಅವಳ ಪಾಲಿಗೆ ಉಳಿಯಿತು.

*

"ಕಲ್ಲು ಕಳ್ಳತನವಾ?" ಠಾಣೆಯ ಸಾಹೇಬರು ಆಕಳಿಸಿದರು. "ಚಿನ್ನದ್ದೇನ್ರೀ?"

"ಗಡಿಕಲ್ಲು ಸಾರ್. ಅದಿಲ್ದೆ ನಮ್ಮ ಜಾಗ ಎಲ್ಲಿವರೆಗೆ ಅಂತ ಹೇಳೋದು ಹೇಗೆ?"

"ಎಷ್ಟು ಹೋಗಿದೆ?"

"ಏಳು," ಎಂದಳು ಅವಳು.

"ಎಂಟು," ಎಂದ ಪಕ್ಕದಲ್ಲಿದ್ದ ಅಣ್ಣ.

"ಮೊದಲು ಅಣ್ಣ ತಂಗಿ ಲೆಕ್ಕ ಸರಿ ಮಾಡ್ಕೊಂಡು ಬನ್ನಿ." ಸಾಹೇಬರು ಫೋನೆತ್ತಿಕೊಂಡರು.

ಹೊರಗೆ ಬಂದು ಅವಳು ಸಿಡುಕಿದಳು. "ಸುಮ್ನೆ ಇರಬಾರದಿತ್ತಾ?"

"ಗಾಬರೀಲಿ ಬಾಯಿತಪ್ಪಿ ಬಂತು. ಬಿಡೇ," ಎಂದ ಅಣ್ಣ.

*

ಎಲ್ಲರ ಬೆರಳೂ ರಸ್ತೆ ಕಂಟ್ರಾಕ್ಟರನ ಕಡೆಗೆ. ಅವನ ಮಣ್ಣು ಅಗೆಯುವ ಯಂತ್ರ ಬೀದಿಯ ಕೊನೆಯಲ್ಲೇ ನಿಂತಿತ್ತು. ಅವಳು ನೇರ ಅಲ್ಲಿಗೇ ಹೋದಳು.

"ನಾನು ಅಗೆದಿದ್ರೆ ಕಾಂಪೌಂಡೂ ಉಳೀತಿರಲಿಲ್ಲ ಕಣಮ್ಮಾ," ಎಂದು ಅವನು ನಕ್ಕ. "ಅಷ್ಟಕ್ಕೂ ಸರ್ವೆ ಇವತ್ತು ಅಂತ ನೀನೀಗ ಹೇಳೋವರೆಗೆ ನನಗೆ ಗೊತ್ತಿತ್ತಾ?"

ಅವಳಿಗೆ ಮೈಯೆಲ್ಲ ಉರಿಯಿತು. ಆದರೆ ಮಾತು ಸರಿಯಿತ್ತು. ಗುಂಡಿಗಳ ಅಂಚಿನಲ್ಲಿ ಹಾರೆಯ ಗುರುತು ಮಾತ್ರ. ಯಂತ್ರದ ಚಕ್ರದ ಜಾಡು ಎಲ್ಲೂ ಇರಲಿಲ್ಲ. ಸರ್ವೆಯ ದಿನ ಗೊತ್ತಿದ್ದದ್ದು ಸಂಘದವರಿಗೆ ಮಾತ್ರ.

ಅಂದರೆ ಕಳ್ಳ ಒಳಗಿನವನೇ.

*

ಸರ್ವೆಯರ್ ಗುಂಡಿಗಳನ್ನು ನೋಡಿ ತಲೆಯಾಡಿಸಿದ. "ಗುಂಡಿ ಇಟ್ಕೊಂಡು ಅಳೆದ್ರೆ ಆಫೀಸಲ್ಲಿ ಒಪ್ಪಲ್ಲ. ಒಂದಾದ್ರೂ ಕಲ್ಲು ಅದರ ಜಾಗದಲ್ಲೇ ಇರಬೇಕು."

ನೆರೆದಿದ್ದವರು ಆಗಲೇ ಮನೆಗಳ ಕಡೆ ಹೆಜ್ಜೆ ಹಾಕತೊಡಗಿದ್ದರು. "ಈ ಸಂಘ ಗಿಂಘ ನಮ್ಮ ಹಣೇಲಿ ಬರೆದಿಲ್ಲ," ಎಂದು ಯಾರೋ ಗೊಣಗಿದರು.

"ಮನೆ ಹಿಂದೆ ಒಂದು ಇರಬೇಕಲ್ಲ?" ಎಂದ ಸರ್ವೆಯರ್, ನಕ್ಷೆ ನೋಡುತ್ತ. "ನಿಮ್ಮ ಮನೆಗೂ ದರ್ಜಿಯಮ್ಮನ ಮನೆಗೂ ನಡುವೆ."

ಕನ್ನಡಕದಕ್ಕನಿಗೆ ನೆನಪಾಯಿತು. ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಮೋಟು ಕಲ್ಲಿತ್ತು. ಚಿಕ್ಕಂದಿನಿಂದ ಅದರ ಮೇಲೆ ಸೋಪು ಇಡುತ್ತಿದ್ದರು. ಅದು ಗಡಿಕಲ್ಲೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಓಡಿದಳು. ಕಲ್ಲು ಇರಲಿಲ್ಲ. ಗುಂಡಿಯೂ ಇರಲಿಲ್ಲ. ಆ ಜಾಗದಲ್ಲಿ ಹೂಕುಂಡವೊಂದು ಕೂತಿತ್ತು. ಪಕ್ಕಕ್ಕೆ ಸರಿಸಿದರೆ, ಅಡಿಯಲ್ಲಿ ಹೊಸದಾಗಿ ತುಳಿದು ಗಟ್ಟಿಮಾಡಿದ ಮಣ್ಣು.

*

ಎಲ್ಲರನ್ನೂ ಹಿತ್ತಿಲಿಗೆ ಕರೆದಳು. ಅಣ್ಣನ ಕಡೆ ತಿರುಗಿದಳು.

"ಠಾಣೇಲಿ ಎಂಟು ಅಂದೆ. ಬೀದೀಲಿದ್ದಿದ್ದು ಏಳೇ. ಎಂಟನೇದು ಇಲ್ಲಿತ್ತು. ಅದು ಹೋಗಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ನಿನಗೆ ಹೇಗೆ ಗೊತ್ತಾಯ್ತು?"

ಅಣ್ಣ ಹೂಕುಂಡದಿಂದ ಒಂದು ಹೆಜ್ಜೆ ಹಿಂದೆ ಸರಿದ.

"ಕಂಟ್ರಾಕ್ಟರಿಗೆ ಹಿತ್ತಿಲ ಕಲ್ಲಿಂದ ಏನಾಗಬೇಕು? ಇದು ತೋರಿಸೋದು ನಮಗೂ ದರ್ಜಿಯಮ್ಮನಿಗೂ ನಡುವಿನ ಗಡಿ. ಇದರ ಭಯ ಇದ್ದಿದ್ದು ಈ ಮನೆಯವರಿಗೆ ಮಾತ್ರ. ಬೀದಿ ಗುಂಡಿಗಳನ್ನ ಹಾಗೇ ಬಿಟ್ಟೆ, ಅವನ ಮೇಲೆ ಅನುಮಾನ ಬರಲಿ ಅಂತ. ಇದೊಂದನ್ನ ಮಾತ್ರ ಮುಚ್ಚಿದೆ. ಯಾಕೆ? ಕಲ್ಲು ಪೂರ್ತಿ ಬರಲಿಲ್ಲ, ಅಲ್ವಾ?"

ಸರ್ವೆಯರ್ ಮಣ್ಣು ಕೆದಕಿದ. ಕಲ್ಲಿನ ಕೆಳಗಿನ ಅರ್ಧ ನೆಟ್ಟಲ್ಲೇ ಭದ್ರವಾಗಿ ಕೂತಿತ್ತು. "ಇಷ್ಟು ಸಾಕು," ಎಂದು ಟೇಪು ಬಿಚ್ಚಿದ.

ಅಣ್ಣ ಒಗೆಯುವ ಕಲ್ಲಿನ ಮೇಲೆ ಕೂತ. "ನಮ್ಮ ಅಡುಗೆಮನೆ ಗೋಡೆ ದರ್ಜಿಯಮ್ಮನ ಜಾಗದಲ್ಲಿದೆ. ಅಪ್ಪ ಸಾಯೋ ಮುಂಚೆ ನನಗೊಬ್ಬನಿಗೇ ಹೇಳಿದ್ರು. ಒಂದು ಕಲ್ಲು ಉಳಿದ್ರೂ ಅಳತೆ ಆಗಿ ಅದು ಹೊರಬೀಳ್ತಿತ್ತು. ಹಕ್ಕು ಕಾಯೋ ಸಂಘದ ಅಧ್ಯಕ್ಷನೇ ಒತ್ತುವರಿ ಮಾಡಿದ್ದಾನೆ ಅಂದ್ರೆ ಮಾನ ಉಳಿಯುತ್ತಾ? ರಸ್ತೆಯವರನ್ನ ಹೇಗಾದ್ರೂ ಒಪ್ಪಿಸಬಹುದು ಅಂದ್ಕೊಂಡೆ."

"ಒಂದು ಗೋಡೆಗೋಸ್ಕರ ಇಡೀ ಬೀದೀನ ಬಲಿ ಕೊಡೋಕೆ ಹೊರಟೆಯಲ್ಲೋ!" ಎಂದಳು ಅವಳು. "ನಾನು ಹೊರಗಿನವರ ಜೊತೆ ಹೊಡೆದಾಡ್ಲಾ, ನಿನ್ನ ಜೊತೆ ಹೊಡೆದಾಡ್ಲಾ?"

ಅಳತೆ ಮುಗಿಯಿತು. ಬೀದಿಯ ಒಂದು ಮನೆಯೂ ರಸ್ತೆಗೆ ಚಾಚಿರಲಿಲ್ಲ. ರಸ್ತೆಯೇ ಮನೆಗಳ ಜಾಗಕ್ಕೆ ಕಾಲು ಚಾಚಿತ್ತು. ಕನ್ನಡಕದಕ್ಕನ ಅಡುಗೆಮನೆ ಗೋಡೆ ಮಾತ್ರ ದರ್ಜಿಯಮ್ಮನ ಜಾಗದೊಳಗೆ ಒಂದು ಮೊಳ ನುಗ್ಗಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ದರ್ಜಿಯಮ್ಮನ ಮುಖ ನೋಡಿದರು.

"ಸಂಘ ಇಲ್ಲಿಗೆ ಮುಗೀತು," ಎಂದಳು ಕನ್ನಡಕದಕ್ಕ. "ಯಾವ ಮುಖ ಹೊತ್ಕೊಂಡು ನಿಮ್ಮನ್ನೆಲ್ಲ ಕರೀಲಿ? ಗೋಡೆ ಇವತ್ತೇ ಕೆಡವಿಸ್ತೀನಿ."

ದರ್ಜಿಯಮ್ಮ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅಣ್ಣನನ್ನು.

"ಮುಗಿಯೋದೇನು? ನಾಳೆ ಎಲ್ಲರೂ ನಗರಸಭೆಗೆ ನಡೀರಿ. ಇವನೇ ಮುಂದೆ ನಿಂತು ಮಾತಾಡಲಿ. ಮೊದಲು ರಸ್ತೆಯವರನ್ನ ನೋಡ್ಕೊಳ್ಳೋಣ." ಅವಳು ಸೆರಗು ಸಿಕ್ಕಿಸಿಕೊಂಡಳು. "ಆಮೇಲೆ ನಿಮ್ಮನ್ನ ನೋಡ್ಕೋತೀನಿ."