ಕಾರ್ಡು ನೋಡಲಾಗಿದೆ

ಸೋಮವಾರ ಬೆಳಿಗ್ಗೆ ಕೂಡ್ಲಿಗಿ ಠಾಣೆಗೆ ಚನ್ನಬಸವ ಬಂದಾಗ ಮಗಳನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು. ಜೊತೆಯಲ್ಲಿ ಅವನ ತಾಯಿ ಜಂಬಮ್ಮ.

"ನಮ್ಮೂರಾಗ ಎಲ್ಲಾ ಕೂಸುಗಳಿಗೂ ಲಸಿಕಿ ಆಗೈತಂತ ಸಮೀಕ್ಷೆದಾಗ ಬರದಾರಂತ್ರಿ. ಡಾಕ್ಟ್ರೇ ಹೇಳಿದ್ರು. ನನ್ನ ಮಗಳಿಗೆ ಆಗಿರಲಿಲ್ರಿ. ಈ ಸುಳ್ಳು ಬರದೋರು ಯಾರು?"

ಹದಿನಾಲ್ಕು ತಿಂಗಳ ಕೂಸು ಗಂಟಲಮಾರಿಯಿಂದ ಉಸಿರುಗಟ್ಟಿ ಸತ್ತಿತ್ತು. ಕೊರಳ ಮೇಲೆ ಕೂರುವ ಆ ಮಾರಿ ಅಜ್ಜಿ ಕತೆಗಳಲ್ಲೇ ಉಳಿದಳೆಂದು ನಂಬಿದ್ದ ಪಿಎಸ್‌ಐ ಕ್ರಾಂತಿಕುಮಾರ್ ರೋಗದ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡರು. ಆಮೇಲೆ ಎಫ್‌ಐಆರ್ ದಾಖಲಾಯಿತು.

ಹನ್ನೊಂದಕ್ಕೆ ಅವರು ಆರೋಗ್ಯ ಕಚೇರಿಗೆ ಹೋದರು. ವೈದ್ಯೆ ರಮಾ ವಿವರಿಸಿದರು. ಸಮೀಕ್ಷೆಯವರು ಊರಿಗಿಷ್ಟು ಮನೆ ಆರಿಸಿ, ತಾಯಿ ಕಾರ್ಡು ನೋಡಿ, ಯಾವ ಕೂಸಿಗೆ ಯಾವ ಲಸಿಕೆ ಆಗಿದೆಯೆಂದು ಗುರುತು ಹಾಕಬೇಕು. ಕಡಿಮೆ ಬಿದ್ದ ಊರಿಗೆ ಲಸಿಕೆ ವಾಹನ ಹೋಗುತ್ತದೆ.

"ಚನ್ನಬಸವನ ಊರಿಗೆ?"

"ನೂರಕ್ಕೆ ನೂರು ಬಂದಿತ್ತು. ಕಳಿಸಲಿಲ್ಲ."

ಸಮೀಕ್ಷೆಯ ಪಟ್ಟಿಯಲ್ಲಿ ಚನ್ನಬಸವನ ಹೆಸರಿನ ಎದುರು 'ಕಾರ್ಡು ನೋಡಲಾಗಿದೆ' ಎಂದಿತ್ತು. ಕೆಳಗೆ ಸಹಿ: ಸಮೀಕ್ಷಕಿ ಮಾಲಾ, ಕೊಟ್ಟೂರು.

ಮಧ್ಯಾಹ್ನ ಮುಖ್ಯ ಪೇದೆ ಓಬಣ್ಣನೊಂದಿಗೆ ಊರಿಗೆ ಹೋದರು. ಚನ್ನಬಸವನ ಮನೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿತ್ತು, ಮಾರಿ ಒಳಗೆ ಬರದಿರಲೆಂದು. ಕೂಸಿನ ತಾಯಿ ಶೃತಿ ಕಂಬಕ್ಕೊರಗಿ ಕುಳಿತಿದ್ದಳು.

"ಲಸಿಕೆ ಯಾಕೆ ತಪ್ಪಿತಮ್ಮ?"

"ಬಾಣಂತನಕ್ಕ ತವರಿಗೆ ಹೋಗಿದ್ದೆ ಸಾರ್, ಅರಸೀಕೆರಿಗೆ. ಆರು ತಿಂಗಳಿದ್ದೆ. ಅಲ್ಲಿ ನರ್ಸಮ್ಮ ಗಂಡನೂರಾಗ ಹಾಕಿಸ್ಕೊಂತಾಳ ಅಂದ್ಕೊಂಡ್ಲು. ಇಲ್ಲಿಯೋರು ತವರಾಗ ಆಗೈತಿ ಅಂದ್ಕೊಂಡ್ರು."

"ನೀನು?"

"ನಮ್ಮ ಅತ್ತಿಯೋರಿಗೆ ಗೊತ್ತಿರತೈತಿ ಅಂದ್ಕೊಂಡೆ."

ಜಂಬಮ್ಮ ದೇವರ ಗೂಡಿನಿಂದ ಕಾರ್ಡು ತಂದಳು. ಅಂಚಿಗೆ ಅರಿಶಿನ. ಹುಟ್ಟಿದ ದಿನದ ಲಸಿಕೆ ಬಿಟ್ಟರೆ ಮಿಕ್ಕ ಚೌಕಗಳೆಲ್ಲ ಖಾಲಿ.

"ಇದನ್ನು ಸಮೀಕ್ಷೆಯ ಹುಡುಗಿಗೆ ತೋರಿಸಿದ್ರಾ?"

"ಆಕಿಗಾ? ಯಾರ ಪೈಕಿ ಅಂತ ಕೇಳಿದೆ, ಹೇಳಿದ್ಲು. ದೇವರ ಗೂಡಿನ ಕಾರ್ಡು ಆಕಿ ಕೈಗೆ ಹೆಂಗ ಕೊಡ್ಲಿ ಸಾಹೇಬ್ರ? ಎಲ್ಲಾ ಆಗೈತಿ ಹೋಗವಾ ಅಂದೆ. ತಗೊಳ್ರಿ, ಚಾ ಕುಡೀರಿ."

ಬೆಳ್ಳಿ ಲೋಟ. ಓಬಣ್ಣ ಲೋಟವನ್ನೊಮ್ಮೆ, ಸಾಹೇಬರನ್ನೊಮ್ಮೆ ನೋಡಿದ. ಅವನೂ ಕ್ರಾಂತಿಕುಮಾರರೂ ಹುಟ್ಟಿದ್ದು ಆ ಹುಡುಗಿಯಂಥವರ ಕೇರಿಯಲ್ಲೇ. ಖಾಕಿ ತೊಟ್ಟವರನ್ನು 'ಯಾರ ಪೈಕಿ' ಎಂದು ಯಾರೂ ಕೇಳಿರಲಿಲ್ಲ.

ಚಹಾ ಹಾಗೇ ಉಳಿಯಿತು. ಪಂಚರ ಸಮಕ್ಷಮ ಕಾರ್ಡು ವಶಪಡಿಸಿಕೊಂಡು ಪಂಚನಾಮೆ ಬರೆದರು. ಅದೇ ಓಣಿಯ ಇನ್ನೂ ಎಂಟು ಮನೆಗಳಲ್ಲಿ ವಿಚಾರಿಸಿದರು. ಯಾರೂ ಮಾಲಾಳ ಕೈಗೆ ಕಾರ್ಡು ಕೊಟ್ಟಿರಲಿಲ್ಲ. ಲಸಿಕೆ ತಪ್ಪಿದ ಮತ್ತೆರಡು ಕೂಸುಗಳು ಅಂಗಳದಲ್ಲಿ ಆಡುತ್ತಿದ್ದವು. ಕ್ರಾಂತಿಕುಮಾರ್ ಅಲ್ಲಿಂದಲೇ ರಮಾಗೆ ಫೋನ್ ಮಾಡಿದರು. ವಾಹನ ಸಂಜೆಗೆ ಬಂತು.

ಅಷ್ಟರಲ್ಲಿ ಮಾಲಾಳನ್ನು ಕೊಟ್ಟೂರಿನಲ್ಲಿ ಬಂಧಿಸಿ ಠಾಣೆಗೆ ತಂದಿದ್ದರು. ಕೂಸು ಸತ್ತ ಸುದ್ದಿ ಆಕೆಗೆ ಗೊತ್ತಿರಲಿಲ್ಲ. ಓಬಣ್ಣ ಹೇಳಬೇಕಾಯಿತು.

"ಹೊಸ್ತಿಲದೊಳಗ ಕುಂತು ನನ್ನ ನೋಡಿ ನಗತಿತ್ರಿ ಅದು..."

"ನೋಡದ ಕಾರ್ಡು ನೋಡಿದೆ ಅಂತ ಯಾಕೆ ಬರೆದೆ?"

"ಮೊದಲನೇ ಊರಾಗ ನೋಡಿಲ್ಲ ಅಂತಾನ ಬರದಿದ್ದೆ ಸಾರ್. ಮೇಲಿನೋರು ಎಲ್ಲಾರ ಮುಂದ ಯಾಕ ನೋಡಿಲ್ಲ ಅಂತ ಕೇಳಿದ್ರು. ಏನಂತ ಹೇಳ್ಲಿ? ಎಂಎ ಓದೀನಿ, ಅಂಗಳದಾಗ ನಿಂದ್ರಿಸಿದ್ರು ಅಂತ ಬಾಯಿಬಿಟ್ಟು ಹೇಳ್ಲಾ? ಆ ಬಾಗಿಲ ಮ್ಯಾಲೆ 'ನಾಳೆ ಬಾ' ಅಂತಿತ್ತು. ನನಗಂತಾನ ಬರದಂಗಿತ್ತು."

ಓಬಣ್ಣ ಆಕೆಯತ್ತ ಬಗ್ಗಿ ಕೇಳಿದ:

"ಅವರು ನಿನ್ನ ಅಂಗಳದಾಗ ನಿಂದ್ರಿಸಿದ್ದೂ ಕೇಸಾಗತೈತವಾ ತಂಗಿ. ದೂರು ಕೊಡ್ತಿ ಏನು?"

ಮಾಲಾ ತಲೆ ಅಲ್ಲಾಡಿಸಿದಳು.

"ಬ್ಯಾಡಣ್ಣ. ಅವರ ಕೂಸು ಹೋಗೈತಿ."

ಹೇಳಿಕೆಗೆ ಆ ಮಾತು ಬೇಕಿರಲಿಲ್ಲ. ಕ್ರಾಂತಿಕುಮಾರ್ ಅದನ್ನೂ ಬರೆದುಕೊಂಡರು.