ಉಣ್ಣೆಯಂಗಿ ಹೇಳಿದ ಜ್ವರ

ಲೇಹ್‌ನ ಕೇಂದ್ರದಲ್ಲಿ ಕುಳಿತೇ ಡಾ. ಗಂಗೋತ್ರಿ ಕಂಬಳಿ, ಗಡಿಯಲ್ಲಿದ್ದ ನಲವತ್ತು ಸೈನಿಕರ ಎದೆಬಡಿತ ನೋಡುತ್ತಿದ್ದಳು. ಅವರು ತೊಟ್ಟಿದ್ದು ಅವಳು ಕಂಡುಹಿಡಿದ ಅಂಗಿ. ರಾಣೆಬೆನ್ನೂರು ಕಡೆಯ ಕರಿಕುರಿಯ ಉಣ್ಣೆಗೆ ವಿದ್ಯುತ್ ಹರಿಯುವ ಸಣ್ಣ ಎಳೆ ಸೇರಿಸಿ ನೂತ ನೂಲು ಅದು; ಎದೆಗೆ ತಾಕುವ ಭಾಗ ನಾಡಿ, ಉಸಿರು, ಮೈಬಿಸಿ ಮೂರನ್ನೂ ಅಳೆದು ಕಳಿಸುತ್ತಿತ್ತು. 2058ರ ಚಳಿಗಾಲ. ಗಡಿಯಲ್ಲಿ ಮೈನಸ್ ಮೂವತ್ತೆಂಟು ಡಿಗ್ರಿ.

ಮಧ್ಯಾಹ್ನ ಪರದೆಯಲ್ಲಿ ಹವಾಲ್ದಾರ್ ರೇವಣಪ್ಪನ ಹೆಸರು ಕೆಂಪಾಯಿತು. ಹಿಮಗಾಳಿಯಲ್ಲಿ ಜೊತೆಯವರಿಂದ ಬೇರೆಯಾಗಿ ಅವನು ಬಂಡೆಯ ಮರೆಯಲ್ಲಿ ಕುಳಿತಿದ್ದ. ನಾಡಿ ನಿಮಿಷಕ್ಕೆ ನೂರ ಎಂಬತ್ತು, ಸುಡುವ ಜ್ವರ.

"ಹೆಂಗದೀರಿ ರೇವಣಪ್ಪ?" ಎಂದು ರೇಡಿಯೊದಲ್ಲಿ ಕೇಳಿದಳು.

"ಆರಾಮ ಅದೀನ್ರೀ ಡಾಕ್ಟ್ರೇ."

ಅವಳಿಗೆ ದಿಕ್ಕೇ ತೋಚಲಿಲ್ಲ. ಎತ್ತರದಲ್ಲಿ ಮಿದುಳಿಗೆ ಆಮ್ಲಜನಕ ಸಾಲದವನೂ ಆರಾಮ ಎನ್ನುತ್ತಾನೆ. ಅಂಥ ಮಾತನ್ನು ನಂಬಬಾರದೆಂದೇ ಅಲ್ಲವೇ ಅಂಗಿ ಮಾಡಿದ್ದು? ಅಂಗಿಯನ್ನು ನಂಬಿದರೆ ಈ ಗಾಳಿಯಲ್ಲಿ ಇಬ್ಬರು ಪೈಲಟ್‌ಗಳನ್ನು ಹೆಲಿಕಾಪ್ಟರ್ ಹತ್ತಿಸಬೇಕು. ಅವನನ್ನು ನಂಬಿ ಕೆಟ್ಟರೆ ಅವನು ಅಲ್ಲೇ ಸಾಯುತ್ತಾನೆ. ಆದರೆ ನಾಡಿ ನೂರ ಎಂಬತ್ತಾದವನ ದನಿಯಲ್ಲಿ ಏದುಸಿರೇ ಇರಲಿಲ್ಲ.

"ಎದಿ ಮ್ಯಾಲೆ ಏನರ ಇಟ್ಕೊಂಡೀರೇನು?"

"ಇಲ್ಲಿ ಕುರಿ ಕಾಯವ್ರ ಕುರಿಮರಿ ರೀ. ಈಗ ಹುಟ್ಟೇತಿ, ತಾಯಿ ಸತ್ತೇತಿ. ನಮ್ಮಪ್ಪ ಕಂಬಳ್ಯಾಗ ಇಟ್ಕೊಂತಿದ್ದ, ನಾ ಅಂಗಿಯೊಳಗ ಇಟ್ಕೊಂಡೀನಿ."

ಅವಳಿಗೆ ನಗುವೂ ಬಂತು, ಹೆದರಿಕೆಯೂ ಆಯಿತು. ಹಾಗಾದರೆ ಇವನ ನಾಡಿ ಎಲ್ಲಿ?

"ಎರಡು ನಿಮಿಷ ಹೊರಗ ತಗೀರಿ."

"ತಗದ್ರ ಸಾಯ್ತೇತ್ರೀ. ನನ್ನ ನಾಡಿ ನಾನ ಎಣಿಸ್ತೀನಿ, ಕೇಳ್ರಿ."

ಅವನು ಕತ್ತಿಗೆ ಬೆರಳಿಟ್ಟು ಗಟ್ಟಿಯಾಗಿ ಎಣಿಸಿದ. ನಿಮಿಷಕ್ಕೆ ಎಂಬತ್ತಾರು. ಒಂದು ಅಂಕಿಯೂ ತಪ್ಪಲಿಲ್ಲ; ಮಿದುಳಿಗೆ ಆಮ್ಲಜನಕ ಸಾಲದವನು ಹೀಗೆ ಎಣಿಸಲಾರ. ಗಂಗೋತ್ರಿ ಹೆಲಿಕಾಪ್ಟರ್ ಬೇಡವೆಂದಳು; ಸಂಜೆ ಗಾಳಿ ಇಳಿದು ಜೊತೆಯವರು ಅವನನ್ನು ಮುಟ್ಟುವ ತನಕ ಅವಳು ರೇಡಿಯೊ ಬಿಟ್ಟು ಏಳಲಿಲ್ಲ. ಮರಿ ಬದುಕಿತ್ತು, ಅವನೂ ಬದುಕಿದ್ದ. ಆದರೆ ಅವನ ಎರಡು ಕಾಲ್ಬೆರಳು ಹಿಮಕ್ಕೆ ಕಪ್ಪಾಗಿದ್ದವು. ಅದನ್ನು ಅಂಗಿಯೂ ಹೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಮನುಷ್ಯನದಲ್ಲದ ನಾಡಿಯನ್ನು ಲೆಕ್ಕಕ್ಕೆ ಹಿಡಿಯಬೇಡವೆಂದು ಅಂಗಿಗೆ ಕಲಿಸಲು ತಂತ್ರಾಂಶದಲ್ಲಿ ಒಂದೇ ಸಾಲು ಸಾಕು. ಮರುದಿನ ಬರೆಯಲು ಕುಳಿತವಳಿಗೆ ಕೈ ಏಳಲಿಲ್ಲ. ಉಣ್ಣೆ ಕುರಿಯದು, ಅದು ಕುರಿಮರಿಯ ಜೀವ ಎಣಿಸಿದ್ದನ್ನು ತಪ್ಪೆಂದು ಹೇಗೆ ಬರೆಯುವುದು?

ಮೂವತ್ತು ವರ್ಷದ ಹಿಂದೆ ಅವಳ ಅವ್ವ ಎದೆಬಡಿತ ತೋರಿಸುವ ಗಡಿಯಾರ ಕಟ್ಟಿಕೊಂಡು ದಿನಕ್ಕೆ ಹತ್ತು ಸಾರಿ ನೋಡಿಕೊಳ್ಳುತ್ತಿದ್ದಳು. ಮಗಳಿಗೆ ಮೈ ಬಿಸಿಯಾದಾಗ ಮಾತ್ರ ಅದನ್ನು ಬಿಚ್ಚಿಟ್ಟು ಹಣೆಯ ಮೇಲೆ ಕೈಯಿಡುತ್ತಿದ್ದಳು. ಆ ಕೈಗೆ ಏನು ತಿಳಿಯುತ್ತಿತ್ತೋ, ಗಂಗೋತ್ರಿಗೆ ಇನ್ನೂ ಗೊತ್ತಾಗಿಲ್ಲ.