ಬಿಪಿ ಏರಿದ್ದು ಯಾರಿಂದ?

ತೋಳಿಗೆ ಪಟ್ಟಿ ಸುತ್ತುವಾಗ ಅವನ ಬೆರಳು ತಾಗಿತು. ಶಾಂತಕುಮಾರಿಯ ಎದೆ ಧಸಕ್ಕೆಂದಿತು...

"ನೂರಾ ಎಂಬತ್ತು," ಎಂದ ಓಬಳೇಶ್. ಚಳ್ಳಕೆರೆಯ ಆ ನರ್ಸಿಂಗ್ ಹೋಮಿನಲ್ಲಿ ಅವನು ನರ್ಸ್. "ಇಪ್ಪತ್ನಾಲ್ಕು ವರ್ಷಕ್ಕೆ ಇಷ್ಟು ಬರಬಾರ್ದು. ಏನಾದ್ರೂ ಚಿಂತೆ ಐತಾ?"

"ಇಲ್ಲ..."

"ನಮ್ಮೂರು ಕೊಂಡ್ಲಹಳ್ಳಿಯಾಗೆ ಟಗರು ಗುದ್ದಿದ್ರೂ ಅಳದೋಳು ಸಾರ್," ಎಂದಳು ಅವ್ವ ನಾಗಕ್ಕ. "ಇಲ್ಲಿ ಬಂದ್ರೆ ಬೆವರ್ತಾಳೆ."

ಶಾಂತಕುಮಾರಿ ತಲೆ ತಗ್ಗಿಸಿದಳು. ಹೆದರಿಕೆಯೋ, ಇನ್ನೇನೋ... ಅವಳಿಗೇ ತಿಳಿಯದು.

ಎರಡು ತಿಂಗಳು ಕಳೆಯಿತು. ಮಾತ್ರೆ ಎರಡಾಯಿತು, ಮೂರಾಯಿತು. ಬಿಪಿ ಇಳಿಯಲಿಲ್ಲ. ಪ್ರತಿ ಸೋಮವಾರ ಅವಳು ಬಸ್ಸಿಳಿದು ಬರುವಳು. ಅವನು ಪಟ್ಟಿ ಸುತ್ತುತ್ತಾ, "ಊಟ ಆಯ್ತಾ?" ಎನ್ನುವನು. ಆ ಒಂದು ಮಾತಿಗಾಗಿ ವಾರವಿಡೀ ಕಾಯುವಳು.

ಒಂದು ದಿನ ಆಯಾ ಲಕ್ಷ್ಮಕ್ಕ ಅವನನ್ನು ಛೇಡಿಸಿದಳು. "ಏನೋ ಓಬಳೇಶ, ನೀನು ಕೈ ಹಿಡ್ಕೊಂಡು ಕೂತ್ರೆ ಆ ಹುಡುಗಿಗೆ ಬಿಪಿ ಎಂಗೆ ಇಳೀತೈತೆ? ದೂರ ಇರಪ್ಪ, ತಾನೇ ಇಳೀತೈತೆ."

ತಮಾಷೆಗೆ ಅಂದ ಮಾತು. ಅವನು ನಿಜವೆಂದೇ ನಂಬಿದ.

ಮುಂದಿನ ಸೋಮವಾರ ಅವಳನ್ನು ಕಂಡವನೇ ಒಳಗೆ ಹೋಗಿಬಿಟ್ಟ. ಪಟ್ಟಿ ಸುತ್ತಿದ್ದು ಇನ್ನೊಬ್ಬ ನರ್ಸ್ ಮಂಜುಳಮ್ಮ.

'ಕಾಯಿಲೆಯೋಳು ಅಂತ ಬೇಸರ ಆಯ್ತಾ ಇವರಿಗೆ?' ಶಾಂತಕುಮಾರಿಯ ಕಣ್ಣು ತುಂಬಿತು.

ಬಿಪಿ ಮಾತ್ರ ನೂರಾ ಎಂಬತ್ತೈದು.

ಈ ಸಲ ಡಾಕ್ಟರು ಅವಳ ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. "ಕಿಡ್ನಿಗೆ ಹೋಗೋ ರಕ್ತನಾಳ ಕಿರಿದಾಗಿರಬಹುದು. ಕಾಲುವೆಯ ಕೊನೇ ಹೊಲಕ್ಕೆ ನೀರು ಬರದಿದ್ರೆ, ಇನ್ನೂ ಬಿಡ್ರೋ ಅಂತ ಕೂಗ್ತಾರಲ್ಲ ನಾಗಕ್ಕ? ರಕ್ತ ಸಾಲದ ಕಿಡ್ನಿನೂ ಹಂಗೇ. ಕೂಗಿ ಕೂಗಿ ಒತ್ತಡ ಏರಿಸುತ್ತೆ. ಬೆಂಗಳೂರಿಗೆ ಹೋಗಿ, ತಡ ಮಾಡಬೇಡಿ."

ಬೆಂಗಳೂರಿನಲ್ಲಿ ನಾಳಕ್ಕೆ ಔಷಧಿ ಬಿಟ್ಟು ಎಕ್ಸ್‌ರೇ ತೆಗೆದರು. ಸ್ವಲ್ಪವೇ ಕಿರಿದಾದಂತೆ ಕಂಡಿತು. ಇಷ್ಟಕ್ಕೆ ಅಷ್ಟು ಬಿಪಿಯೇ? ಡಾಕ್ಟರುಗಳಿಗೂ ಗೊಂದಲ. ಕೊನೆಗೆ ತೊಡೆಯ ರಕ್ತನಾಳದಿಂದ ತೆಳುವಾದ ನಳಿಕೆ ತೂರಿಸಿ, ಒಳಗಿಂದಲೇ ಸ್ಕ್ಯಾನ್ ಮಾಡಿದರು.

ಅಲ್ಲಿತ್ತು ನಿಜ. ಎಕ್ಸ್‌ರೇಯಲ್ಲಿ ಕಾಣದ ಪರದೆಯಂಥ ಮಡಿಕೆಗಳು ದಾರಿ ಕಟ್ಟಿದ್ದವು. ಪುಟ್ಟ ಬಲೂನು ಉಬ್ಬಿಸಿ ಅವನ್ನು ಬಿಡಿಸಿದರು.

ಎಚ್ಚರವಾಗಿಯೇ ಮಲಗಿದ್ದ ಶಾಂತಕುಮಾರಿ ಪಕ್ಕದ ಟಿವಿಯಲ್ಲಿ ತನ್ನ ಒಳಗಿನ ಚಿತ್ರ ನೋಡುತ್ತಿದ್ದಳು. 'ಇಷ್ಟು ಒಳಗೆ ಬಂದೋರು ಇನ್ನೊಂಚೂರು ಮೇಲೆ, ಎದೆಗೆ ಹೋಗಿದ್ರೆ, ಓಬಳೇಶ್ ಸಾರೂ ಕಾಣ್ತಿದ್ರೇನೋ...'

ಮೂರು ವಾರದ ಮೇಲೆ ಚಳ್ಳಕೆರೆಗೆ ಬಂದಾಗ ಮಂಜುಳಮ್ಮ ರಜೆಯಲ್ಲಿದ್ದಳು. ಓಬಳೇಶನೇ ಪಟ್ಟಿ ಸುತ್ತಬೇಕಾಯಿತು.

"ನೂರಾ ಇಪ್ಪತ್ತು," ಎಂದವನ ಮುಖ ಸಣ್ಣಗಾಯಿತು.

"ಯಾಕೆ ಸಾರ್? ಇಳಿದಿದ್ದು ಒಳ್ಳೇದಲ್ವಾ?"

"ಒಳ್ಳೇದೇ. ನನ್ನಿಂದ ನಿಮಗೆ ಏರ್ತೈತೆ ಅಂದ್ಕೊಂಡು ದೂರ ಇದ್ದೆ. ಈಗ ಕೈ ಹಿಡಿದ್ರೂ ಏರಲಿಲ್ಲ. ಅಂದ್ರೆ... ನಾನೇ ಸುಮ್ನೆ ಏನೇನೋ ಅಂದ್ಕೊಂಡಿದ್ದೆ, ಬಿಡ್ರಿ."

ಅವಳು ಅವನನ್ನೇ ನೋಡಿದಳು. ಹಾಗಾದರೆ ಇವನು ದೂರ ಹೋದದ್ದು ಬೇಸರದಿಂದಲ್ಲ! 'ಎದೆ ಹೊಡ್ಕೊಳ್ತಾನೇ ಐತೆ. ಬಿಪಿ ಮಿಷನ್ನಿನ ಪಾದರಸ ಏರ್ತಿಲ್ಲ. ಯಾವುದನ್ನ ನಂಬಲಿ ನಾನು...'

ಕೊನೆಗೆ ಎದೆಯನ್ನೇ ನಂಬಿದಳು.

"ಏರಿದ್ದು ಕಾಯಿಲೆಗೆ, ಸಾರ್. ನಿಮ್ಮ ಹತ್ರ ಕೂತ್ರೆ ನಂಗೆ ಮನೆಗೆ ಬಂದಂಗೆ ಆಗ್ತೈತೆ. ಮನೆಯಾಗೆ ಯಾರಿಗೆ ಬಿಪಿ ಏರ್ತೈತೆ?"

"ನಮ್ಮಪ್ಪಗೆ ಏರ್ತೈತೆ. ನನ್ನ ಕಂಡ್ರೆ."

ಅವಳು ನಕ್ಕಳು. ಅವನೂ ನಕ್ಕ. ಪಟ್ಟಿ ಬಿಚ್ಚಿದ್ದರೂ ಕೈ ಬಿಟ್ಟಿರಲಿಲ್ಲ.

"ಭಾನುವಾರ ಅಪ್ಪ, ಅವ್ವನ್ನ ಕರ್ಕೊಂಡು ಕೊಂಡ್ಲಹಳ್ಳಿಗೆ ಬರ್ಲಾ?"

"ಬರ್ರಿ... ಈಗ ಕೈ ಬಿಡ್ರಿ, ಹೊರಗೆ ಅವ್ವ ಕೂತವ್ಳೆ."

"ಬಿಡಬೇಕಾ?"

"...ಅವ್ವ ಕರೆದ ಮ್ಯಾಲೆ ಬಿಡ್ರಿ."